ವಿಪಿಎನ್ ಸುರಂಗವನ್ನು ಸೀಳುವ ಮುನ್ನ

ಮುಂಬಯಿ ಕಡೆಯಿಂದ ಕಲಬುರಗಿ, ಶಹಾಬಾದ್ ದಾಟಿ ಬರುವ ರೈಲುಹಳಿ ವಾಡಿ ಜಂಕ್ಷನ್ನಿನಲ್ಲಿ ಕವಲೊಡೆಯುತ್ತದೆ. ಒಂದು ಕವಲು ಯಾದಗಿರಿ, ರಾಯಚೂರು, ಗುಂತಕಲ್ ಮಾರ್ಗವಾಗಿ ಚೆನ್ನೈ ಕಡೆಗೆ ಹೋದರೆ, ಇನ್ನೊಂದು ಚಿತ್ತಾಪುರ, ಸೇಡಂ, ತಾಂಡೂರು ಮಾರ್ಗವಾಗಿ ಹೈದರಾಬಾದಿಗೆ ಹೋಗುತ್ತದೆ. ಗಾಡಿ ಯಾವ ಕವಲು ಹಿಡಿಯಬೇಕೆಂಬುದನ್ನು ಬೋಗಿಯಲ್ಲಿ ಕುಳಿತ ಪ್ರಯಾಣಿಕರು ತೀರ್ಮಾನಿಸುವುದಿಲ್ಲ. ಗಾಡಿ ಮುಟ್ಟಬೇಕಾದ ಊರನ್ನು ನೋಡಿ ಹಳಿಯ ಪಾಯಿಂಟನ್ನು ಅತ್ತ ಅಥವಾ ಇತ್ತ ಸರಿಸುತ್ತಾರೆ, ಅಷ್ಟೆ. ಬೋಗಿಯ ಬಾಗಿಲಿಗೆ ಚಿಲಕ ಹಾಕಿದೆಯೇ, ಒಳಗೆ ಜೇಬುಗಳ್ಳರು ಹತ್ತಿದ್ದಾರೆಯೇ ಎಂಬುದು ಪಾಯಿಂಟಿಗೆ ಗೊತ್ತಿಲ್ಲ. ಅದು ಅದರ ಕೆಲಸವೂ ಅಲ್ಲ.

ವಿಪಿಎನ್ ತಂತ್ರಾಂಶಗಳಲ್ಲಿ ‘ಸ್ಪ್ಲಿಟ್ ಟನೆಲಿಂಗ್’ ಎಂಬ ಹೆಸರಿನಲ್ಲಿ ದೊರೆಯುವ ಸೌಲಭ್ಯವೂ ಇಂಥದೇ ಒಂದು ಪಾಯಿಂಟು. ನಿಮ್ಮ ಗಣಕದಿಂದ ಹೊರಡುವ ದತ್ತಾಂಶದಲ್ಲಿ ಯಾವುದು ವಿಪಿಎನ್ನಿನ ಗೂಢಲಿಪಿಯ ಸುರಂಗದೊಳಗೆ ಹೋಗಬೇಕು, ಯಾವುದು ಸಾಮಾನ್ಯ ಅಂತರಜಾಲ ದಾರಿಯಲ್ಲಿ ಹೋಗಬೇಕು ಎಂಬುದನ್ನು ಅದು ಹಂಚುತ್ತದೆ. ಹೆಸರೇ ದಾರಿ ತಪ್ಪಿಸುವಂಥದು. ಸುರಂಗವನ್ನು ಯಾರೂ ಸೀಳುವುದಿಲ್ಲ, ಅದು ಇಡಿಯಾಗಿಯೇ ಇರುತ್ತದೆ. ಸುರಂಗದ ಬಾಯಿಗೆ ಬರುವ ಮೊದಲೇ ದಟ್ಟಣೆ ಎರಡು ಪಾಲಾಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಇದನ್ನು ‘ದಾರಿ ಹಂಚಿಕೆ’ ಎಂದೇ ಕರೆಯೋಣ.

ಮನೆಯಲ್ಲಿ ಮೀಡಿಯಾ ಸರ್ವರ್ ಇಟ್ಟುಕೊಂಡವರಿಗೆ ಈಗ ಎಲ್ಲೆಡೆ ಸಿಗುವ ಸಲಹೆ ಒಂದೇ: ವಿಪಿಎನ್ ಚಾಲೂ ಇರಲಿ, ದಾರಿ ಹಂಚಿಕೆಯ ಗುಂಡಿ ಒತ್ತಿ, ಸರ್ವರನ್ನು ಸುರಂಗದ ಹೊರಗಿಡಿ, ವೇಗವೂ ಸಿಕ್ಕಿತು, ಸುರಕ್ಷತೆಯೂ ಸಿಕ್ಕಿತು. ಈ ಸಲಹೆಯ ಮೊದಲರ್ಧ ಕೆಲವೊಮ್ಮೆ ಸರಿ, ಎರಡನೆಯ ಅರ್ಧ ಬಹುಮಟ್ಟಿಗೆ ತಪ್ಪು ಎಂಬುದು ಇಲ್ಲಿನ ವಾದ. ದಾರಿ ಹಂಚಿಕೆಯಿಂದ ದಾರಿ ಸಿಗುತ್ತದೆ. ರಕ್ಷಣೆಯನ್ನು ಬೇರೆ ಕಡೆಯಿಂದ ತರಬೇಕು.

ಒಂದು ಮನೆ, ಮೂರು ಅಗತ್ಯ

ಮಾತು ಗಾಳಿಯಲ್ಲಿ ಉಳಿಯಬಾರದೆಂದು ಸೇಡಂನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಶಹಾಬಾದ್ ಕಲ್ಲಿನ ದಪ್ಪ ಗೋಡೆಗಳ ಮನೆ (ಒಳಕೋಣೆಗೆ ವೈ-ಫೈ ಸರಿಯಾಗಿ ಮುಟ್ಟದಿರಲು ಆ ಗೋಡೆಗಳೇ ಕಾರಣ, ಅದು ಬೇರೆ ಮಾತು). ಮಗಳು ಹೈದರಾಬಾದಿನ ಕಂಪನಿಯೊಂದರಲ್ಲಿ ಉದ್ಯೋಗಿ. 2020ರ ಲಾಕ್‌ಡೌನಿನಲ್ಲಿ ಕಚೇರಿಯ ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದವಳು ಈಗಲೂ ವಾರದಲ್ಲಿ ಕೆಲವು ದಿನ ಮನೆಯಿಂದಲೇ ಕೆಲಸ ಮಾಡುತ್ತಾಳೆ. ಮೂಲೆಯಲ್ಲಿ ಒಂದು ಹಳೆಯ ಗಣಕ, ಅದರಲ್ಲಿ ದೊಡ್ಡ ಹಾರ್ಡ್ ಡಿಸ್ಕ್, ಜೆಲ್ಲಿಫಿನ್ ಅಥವಾ ಪ್ಲೆಕ್ಸ್ ತಂತ್ರಾಂಶ. ಡಿಸ್ಕಿನಲ್ಲಿ ಮದುವೆಯ ವಿಡಿಯೊಗಳು, ಮಕ್ಕಳ ಪಾಠಗಳು, ಕ್ಯಾಸೆಟ್ಟಿನಿಂದ ಇಳಿಸಿಕೊಂಡ ಅಜ್ಜನ ದನಿಯ ತತ್ವಪದಗಳು, ಒಂದಿಷ್ಟು ಸಿನಿಮಾ. ಹಾಲಿನಲ್ಲಿರುವ ಟಿವಿಯಲ್ಲಿ ಇವನ್ನೆಲ್ಲ ನೋಡುತ್ತಾರೆ.

ಈ ಮನೆಗೆ ವಿಪಿಎನ್ ಮೂರು ರೀತಿಯಲ್ಲಿ ಪ್ರವೇಶಿಸಬಹುದು. ಮಗಳ ಲ್ಯಾಪ್‌ಟಾಪಿನಲ್ಲಿರುವ ಕಚೇರಿ ವಿಪಿಎನ್ ಒಂದು. ಜಾಹೀರಾತು ನೋಡಿ ತಮ್ಮ ಕೊಂಡು ಸರ್ವರಿನಲ್ಲೇ ಹಾಕಿದ ವಾಣಿಜ್ಯ ವಿಪಿಎನ್ ಇನ್ನೊಂದು. ಹೊರಗಿನಿಂದ ಮನೆಯ ಸರ್ವರನ್ನು ತಲುಪಲು ಮನೆಯವರೇ ಕಟ್ಟಿಕೊಂಡ ವಿಪಿಎನ್ ಮೂರನೆಯದು. ಮೂರರಲ್ಲಿಯೂ ಸುರಂಗದ ಆಚೆ ತುದಿ ಬೇರೆ, ಅದನ್ನು ನಂಬಲು ಇರುವ ಕಾರಣ ಬೇರೆ. ಸಲಹೆ ಕೊಡುವವರು ಈ ಮೂರನ್ನೂ ಒಂದೇ ಗುಂಡಿಯ ಕೆಳಗೆ ತಂದು ನಿಲ್ಲಿಸುತ್ತಾರೆ. ಗೊಂದಲದ ಬಹುಪಾಲು ಹುಟ್ಟುವುದು ಇಲ್ಲಿಯೇ.

ಪಕ್ಕದ ಕೋಣೆಯ ಟಿವಿಗೆ ಸುರಂಗವೇಕೆ?

ಪ್ರತಿಯೊಂದು ಗಣಕದೊಳಗೂ ಒಂದು ದಾರಿಪಟ್ಟಿ ಇರುತ್ತದೆ. ಇಂಥ ವಿಳಾಸಗಳಿಗೆ ಹೋಗುವ ಪ್ಯಾಕೆಟ್ ಇಂಥ ಬಾಗಿಲಿನಿಂದ ಹೊರಡಲಿ ಎಂದು ಅದರಲ್ಲಿ ಸಾಲುಸಾಲಾಗಿ ಬರೆದಿರುತ್ತದೆ. ಒಂದೇ ವಿಳಾಸಕ್ಕೆ ಎರಡು ಸಾಲು ಅನ್ವಯವಾದರೆ ಯಾವುದು ಗೆಲ್ಲಬೇಕು? ಹೆಚ್ಚು ನಿಖರವಾಗಿರುವ ಸಾಲು ಗೆಲ್ಲುತ್ತದೆ. ‘ದಕ್ಷಿಣಕ್ಕೆ ಹೋಗುವ ಗಾಡಿಗಳೆಲ್ಲ ಈ ಹಳಿ’ ಎಂಬ ಸೂಚನೆಗಿಂತ ‘ಸೇಡಂ ಗಾಡಿ ಆ ಹಳಿ’ ಎಂಬ ಸೂಚನೆ ಮೇಲುಗೈ ಪಡೆದಂತೆ. ಈ ಒಂದು ನಿಯಮವನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ.

ಮನೆಯ ರೂಟರ್ ಹಂಚುವ ವಿಳಾಸಗಳು ಸಾಮಾನ್ಯವಾಗಿ 192.168.1 ಎಂದು ಆರಂಭವಾಗುತ್ತವೆ. ಖಾಸಗಿ ಜಾಲಗಳಿಗೆಂದೇ ಕೆಲವು ವಿಳಾಸಗಳನ್ನು 1996ರ ಒಂದು ಅಂತರಜಾಲ ಮಾನಕದಲ್ಲಿ ಮೀಸಲಿಡಲಾಯಿತು. ಇವು ಆ ಗುಂಪಿಗೆ ಸೇರಿದವು. ಸರ್ವರಿನ ವಿಳಾಸ 192.168.1.10 ಎಂದುಕೊಳ್ಳಿ. ಓಪನ್‌ವಿಪಿಎನ್ ಎಂಬ ಪ್ರಸಿದ್ಧ ತಂತ್ರಾಂಶ ಎಲ್ಲ ದಟ್ಟಣೆಯನ್ನೂ ಸುರಂಗಕ್ಕೆ ಎಳೆಯಬೇಕಾದಾಗ ಒಂದು ಜಾಣತನ ಮಾಡುತ್ತದೆ. ಹಳೆಯ ‘ಉಳಿದದ್ದೆಲ್ಲ ಇತ್ತ’ ಎಂಬ ಸಾಲನ್ನು ಅಳಿಸುವುದಿಲ್ಲ. ಇಡೀ ಅಂತರಜಾಲದ ವಿಳಾಸಗಳನ್ನು ಎರಡು ಅರ್ಧಗಳಾಗಿ ಮಾಡಿ ಒಂದೊಂದು ಅರ್ಧಕ್ಕೆ ಒಂದೊಂದು ಹೊಸ ಸಾಲು ಬರೆಯುತ್ತದೆ. ಇಡಿಗಿಂತ ಅರ್ಧ ಹೆಚ್ಚು ನಿಖರವಾದ್ದರಿಂದ ಹೊಸ ಸಾಲುಗಳು ಗೆಲ್ಲುತ್ತವೆ. ಆದರೆ ಮನೆಯ ಜಾಲದ ಸಾಲು ಕೇವಲ 256 ವಿಳಾಸಗಳಿಗೆ ಸಂಬಂಧಿಸಿದ್ದು, ಅದು ಆ ಅರ್ಧಗಳಿಗಿಂತಲೂ ನಿಖರ. ಹಾಗಾಗಿ ಮನೆಯ ಸರ್ವರಿಗೆ ಹೋಗುವ ಪ್ಯಾಕೆಟ್ ವಿಪಿಎನ್ ಚಾಲೂ ಇದ್ದರೂ ಮನೆಯೊಳಗೇ ಓಡಾಡುತ್ತದೆ. ದಾರಿ ಹಂಚಿಕೆ ಬೇಕಾಗಲೇ ಇಲ್ಲ!

ಹಾಗಾದರೆ ವಿಪಿಎನ್ ಹಾಕಿದೊಡನೆ ಮೀಡಿಯಾ ಸರ್ವರ್ ಮಾಯವಾಯಿತೆಂದು ಜನ ದೂರುವುದೇಕೆ? ಸಾಮಾನ್ಯ ಕಾರಣ ಎರಡು. ವಿಪಿಎನ್ ತಂತ್ರಾಂಶ ದಾರಿಪಟ್ಟಿಯ ಜೊತೆಗೆ ತಡೆಗೋಡೆಯನ್ನೂ ಹಾಕಿ ಮನೆಯ ಜಾಲವನ್ನೇ ಮುಚ್ಚಿರಬಹುದು. ಆಗ ಒತ್ತಬೇಕಾದದ್ದು ‘ಸ್ಥಳೀಯ ಜಾಲಕ್ಕೆ ಅನುಮತಿ’ ಎಂಬ ಬೇರೆಯೇ ಆಯ್ಕೆ. ಎರಡನೆಯ ಕಾರಣ ಇನ್ನೂ ಸ್ವಾರಸ್ಯಕರ. ಡಿಎಲ್‌ಎನ್‌ಎ ಪದ್ಧತಿಯ ಉಪಕರಣಗಳು ಒಂದನ್ನೊಂದು ಹುಡುಕಲು 239.255.255.250 ಎಂಬ ಸಮೂಹ ವಿಳಾಸಕ್ಕೆ ‘ಇಲ್ಲಿ ಯಾರಿದ್ದೀರಿ?’ ಎಂದು ಕೂಗು ಹಾಕುತ್ತವೆ. ಆ ವಿಳಾಸ ಮನೆಯ 256ರಲ್ಲಿ ಸೇರಿಲ್ಲವಾದ್ದರಿಂದ ಕೂಗು ಸುರಂಗದೊಳಗೆ ಹೋಗಿ ದೂರದ ಊರಿನಲ್ಲಿ ಕೇಳಿಸಬಹುದು. ಪಕ್ಕದ ಕೋಣೆಗೆ ಕೇಳಿಸುವುದಿಲ್ಲ. ಸರ್ವರ್ ಸತ್ತಿಲ್ಲ, ಅದರ ವಿಳಾಸವನ್ನು ಅಂಕಿಗಳಲ್ಲೇ ಟೈಪ್ ಮಾಡಿದರೆ ತೆರೆದುಕೊಳ್ಳುತ್ತದೆ. ಇಷ್ಟನ್ನು ತಿಳಿಸಿದರೆ ಸಾಕಾಗುವ ಕಡೆ ‘ಸರ್ವರನ್ನು ಹೊರಗಿಡಿ’ ಎಂಬ ಸಲಹೆ ಕೊಡುವುದು ಜ್ವರಕ್ಕೆ ಕಾಲಿನ ಪಟ್ಟಿ ಕಟ್ಟಿದ ಹಾಗೆ.

ಇನ್ನೊಂದು ತೊಡಕು ಕಚೇರಿ ವಿಪಿಎನ್ನಿನಲ್ಲಿ ಬರುತ್ತದೆ. ಕಚೇರಿಯ ಜಾಲವೂ 192.168.1 ವಿಳಾಸಗಳನ್ನೇ ಬಳಸುತ್ತಿದ್ದರೆ ಒಂದೇ ಹೆಸರಿನ ಎರಡು ಊರುಗಳಾದವು. ಗಣಕ ಯಾವುದಕ್ಕೆ ಕಳಿಸಬೇಕು? ಮನೆಯ ರೂಟರಿನಲ್ಲಿ ಆ ಮೂರನೆಯ ಅಂಕಿಯನ್ನು 1ರ ಬದಲು 73 ಎಂದೋ 146 ಎಂದೋ ಬದಲಾಯಿಸುವುದು ಹತ್ತು ನಿಮಿಷದ ಕೆಲಸ. ಯಾವ ಗುಂಡಿಯೂ ಇದನ್ನು ನಿಮಗಾಗಿ ಮಾಡಿಕೊಡದು.

ಅಪ್ಲಿಕೇಶನ್ ಲೆಕ್ಕದ ಹಂಚಿಕೆ

ವಿಳಾಸ ನೋಡಿ ದಾರಿ ಹಂಚುವುದು ಒಂದು ಬಗೆ. ವಾಣಿಜ್ಯ ವಿಪಿಎನ್‌ಗಳು ಹೆಚ್ಚಾಗಿ ಕೊಡುವುದು ಇನ್ನೊಂದು ಬಗೆ: ‘ಯಾವ ಅಪ್ಲಿಕೇಶನ್ ಹೊರಗಿರಬೇಕು, ಆರಿಸಿ’. ನೋಡಲು ಬಲು ಸುಲಭ. ಆದರೆ ಜೆಲ್ಲಿಫಿನ್ನನ್ನು ನೀವು ಬ್ರೌಸರಿನಲ್ಲಿ ನೋಡುವವರಾದರೆ ಬ್ರೌಸರನ್ನೇ ಹೊರಗಿಡಬೇಕಾಗುತ್ತದೆ. ಅದರ ಜೊತೆ ಬ್ಯಾಂಕಿನ ಪುಟ, ಮಿಂಚಂಚೆ, ಉಳಿದೆಲ್ಲವೂ ಸುರಂಗದಿಂದ ಹೊರಬೀಳುತ್ತವೆ. ತಮ್ಮ ವಿಪಿಎನ್‌ಗೆ ಹಣ ಕೊಟ್ಟದ್ದೇ ಅವಕ್ಕಾಗಿ ಎಂದಿದ್ದರೆ ಉಳಿದದ್ದೇನು?

ಹೆಸರನ್ನು ವಿಳಾಸವಾಗಿ ಬದಲಾಯಿಸುವ ಡಿಎನ್‌ಎಸ್ ಕೆಲಸವನ್ನು ವಿಂಡೋಸಿನಲ್ಲಿ ಅಪ್ಲಿಕೇಶನ್ ತಾನೇ ಮಾಡುವುದಿಲ್ಲ, ವ್ಯವಸ್ಥೆಯ ಒಂದು ಸೇವೆಗೆ ಒಪ್ಪಿಸುತ್ತದೆ. ಹೀಗಾಗಿ ಅಪ್ಲಿಕೇಶನ್ ಹೊರಗಿದ್ದರೂ ಅದರ ಹೆಸರು ವಿಚಾರಣೆ ಸುರಂಗದೊಳಗೇ ಹೋಗಿರಬಹುದು. ದೂರದ ಡಿಎನ್‌ಎಸ್‌ಗೆ ನಿಮ್ಮ ಮನೆಯ ಸರ್ವರಿಗೆ ನೀವಿಟ್ಟ ಮುದ್ದು ಹೆಸರು ಗೊತ್ತಿರುವುದಿಲ್ಲ. ಆಂಡ್ರಾಯ್ಡ್ 2014ರ 5.0 ಆವೃತ್ತಿಯಿಂದ ಅಪ್ಲಿಕೇಶನ್‌ವಾರು ಹಂಚಿಕೆಗೆ ಅವಕಾಶ ಕೊಟ್ಟಿದೆ. ಆದರೆ ಒಂದು ವೇಳೆಗೆ ಒಂದೇ ವಿಪಿಎನ್ ಚಾಲನೆಯಲ್ಲಿರಬಲ್ಲದು. ವಾಣಿಜ್ಯ ವಿಪಿಎನ್ ಹಾಕಿಕೊಂಡೇ ಮನೆಗೆ ಹೋಗುವ ವಿಪಿಎನ್ನನ್ನೂ ತೆರೆಯುತ್ತೇನೆಂದರೆ ಫೋನು ಒಪ್ಪುವುದಿಲ್ಲ. ಇಂಥ ಮಿತಿಗಳು ಜಾಹೀರಾತಿನಲ್ಲಿ ಕಾಣಸಿಗುವುದು ಅಪರೂಪ.

ತಮ್ಮ ಕೊಂಡ ವಿಪಿಎನ್ ಎಲ್ಲಿದೆ?

ಸರ್ವರಿನಲ್ಲಿಯೇ ವಾಣಿಜ್ಯ ವಿಪಿಎನ್ ಹಾಕುವವರ ವಿಷಯಕ್ಕೆ ಬರೋಣ. ಭಾರತದ ಗಣಕ ತುರ್ತು ಸ್ಪಂದನ ತಂಡ, ಅಂದರೆ ಸರ್ಟ್-ಇನ್, 2022ರ ಏಪ್ರಿಲ್ 28ರಂದು ಒಂದು ನಿರ್ದೇಶನ ಹೊರಡಿಸಿತು. ವಿಪಿಎನ್ ಸೇವೆ ಮಾರುವವರು ಗ್ರಾಹಕರ ಹೆಸರು, ವಿಳಾಸ, ಕೊಟ್ಟ ಐಪಿ ಸಂಖ್ಯೆ ಮುಂತಾದುವನ್ನು ಕನಿಷ್ಠ 5 ವರ್ಷ ಕಾಪಿಡಬೇಕೆಂದು ಅದರಲ್ಲಿತ್ತು. ಕಂಪನಿಗಳು ತಮ್ಮ ನೌಕರರಿಗಾಗಿ ನಡೆಸುವ ವಿಪಿಎನ್‌ಗೆ ಇದು ಅನ್ವಯವಾಗದೆಂದು ಬಳಿಕ ಸ್ಪಷ್ಟಪಡಿಸಲಾಯಿತು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್‌ವಿಪಿಎನ್ ಇವು ಆ ವರ್ಷವೇ ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ತೆಗೆದವು. ಎಕ್ಸ್‌ಪ್ರೆಸ್‌ವಿಪಿಎನ್ ‘ಭಾರತ’ ಎಂಬ ಆಯ್ಕೆಯನ್ನು ಉಳಿಸಿಕೊಂಡರೂ ಅದರ ಯಂತ್ರಗಳು ಸಿಂಗಪುರ ಮತ್ತು ಬ್ರಿಟನ್ನಿನಲ್ಲಿ ಇರುತ್ತವೆಂದು ಆಗ ತಿಳಿಸಿತು.

ಇದರ ಫಲವನ್ನು ಲೆಕ್ಕ ಹಾಕಿ ನೋಡಬಹುದು. ಸೇಡಂನಿಂದ ಸಿಂಗಪುರ ನೇರ ರೇಖೆಯಲ್ಲೇ 3,300 ಕಿ.ಮೀ.ಗಿಂತ ದೂರ. ಗಾಜಿನೆಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಒಂದು ಸಲ ಹೋಗಿ ಬರಲು 33 ಮಿಲಿಸೆಕೆಂಡು ಬೆಳಕಿಗೇ ಬೇಕು. ಕೇಬಲ್ಲು ನೇರ ರೇಖೆಯಲ್ಲಿ ಹೋಗುವುದಿಲ್ಲ, ನಡುವೆ ಹತ್ತಾರು ಉಪಕರಣಗಳಿರುತ್ತವೆ, ಆದ್ದರಿಂದ ನಿಜವಾದ ವಿಳಂಬ ಇದಕ್ಕಿಂತ ಸಾಕಷ್ಟು ಹೆಚ್ಚು. ಹೈದರಾಬಾದಿನಲ್ಲಿರುವ ಅಕ್ಕ ಸೇಡಂನ ಸರ್ವರಿನಿಂದ ಒಂದು ವಿಡಿಯೊ ನೋಡಲು ಆ ಚಿತ್ರ ಸಿಂಗಪುರ ಸುತ್ತಿ ಬರಬೇಕೆ? ಇಲ್ಲಿ ಸರ್ವರನ್ನು ಸುರಂಗದಿಂದ ಹೊರಗಿಡು ಎಂಬ ಸಲಹೆ ನಿಜಕ್ಕೂ ಸರಿ. ವೇಗದ ಬಗ್ಗೆ ಅವರು ಹೇಳುವುದನ್ನು ಒಪ್ಪಿಕೊಳ್ಳೋಣ.

ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ, ಮದುವೆಯ ವಿಡಿಯೊ ಮತ್ತು ತತ್ವಪದ ಇಟ್ಟ ಸರ್ವರಿಗೆ ವಾಣಿಜ್ಯ ವಿಪಿಎನ್ ಏಕೆ ಬೇಕು? ಸಲಹೆ ಕೊಡುವವರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಬಹಳ ಸಂದರ್ಭಗಳಲ್ಲಿ ಉತ್ತರ ಒಂದೇ: ಪರವಾನಗಿಯಿಲ್ಲದ ಸಿನಿಮಾಗಳನ್ನು ಇಳಿಸಿಕೊಳ್ಳುವುದಕ್ಕೆ. 1957ರ ಕೃತಿಸ್ವಾಮ್ಯ ಕಾಯ್ದೆ ಸುರಂಗದ ಒಳಗೂ ಅನ್ವಯಿಸುತ್ತದೆ. ಆ ಉದ್ದೇಶವಿಲ್ಲದ ಮನೆಗೆ ಆ ತಿಂಗಳ ಚಂದಾ ದಂಡದ ಖರ್ಚು.

ಚಂದ್ರಂಪಳ್ಳಿಯಿಂದ ಮನೆಗೆ

ಈಗ ಕಷ್ಟದ ಭಾಗ. ಮನೆಯವರು ಒಂದು ಭಾನುವಾರ ಚಿಂಚೋಳಿ ಕಾಡಿನೊಳಗಿನ ಚಂದ್ರಂಪಳ್ಳಿ ಅಣೆಕಟ್ಟೆಗೆ ಹೋಗಿದ್ದಾರೆ, ಅಲ್ಲಿ ಬಂಧುಗಳಿಗೆ ಅಜ್ಜನ ಪದ ಕೇಳಿಸಬೇಕಾಗಿದೆ, ಮೊಬೈಲಿಗೆ ಸಿಗ್ನಲ್ಲೂ ಸಿಕ್ಕಿದೆ ಎಂದೇ ಇಟ್ಟುಕೊಳ್ಳಿ. ಸರ್ವರನ್ನು ವಿಪಿಎನ್ನಿನಿಂದ ಹೊರಗಿಟ್ಟಿದ್ದಾಗಿದೆ. ಈಗ ತೆರೆದುಕೊಳ್ಳುತ್ತದೆಯೇ?

ಬಹಳ ಮನೆಗಳಲ್ಲಿ ತೆರೆದುಕೊಳ್ಳುವುದಿಲ್ಲ. ಐಪಿ ನಾಲ್ಕನೆಯ ಆವೃತ್ತಿಯಲ್ಲಿ ಇರುವುದು ಒಟ್ಟು ಸುಮಾರು 429 ಕೋಟಿ ವಿಳಾಸಗಳು. ಏಷ್ಯಾ-ಪೆಸಿಫಿಕ್ ಪ್ರದೇಶದ ಮುಕ್ತ ಸಂಗ್ರಹ 2011ರ ಏಪ್ರಿಲಿನಲ್ಲೇ ಬರಿದಾಗಿ, ಉಳಿದದ್ದನ್ನು ಪಡಿತರದಂತೆ ಹಂಚುವ ಕಾಲ ಬಂತು. ಅದಕ್ಕಾಗಿ ಸೇವಾದಾರ ಕಂಪನಿಗಳು ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಈ ಏರ್ಪಾಡಿಗೆ ಸಿಜಿ-ನ್ಯಾಟ್ ಎಂದು ಹೆಸರು. ಅದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ಸುಮಾರು 42 ಲಕ್ಷ ವಿಳಾಸಗಳನ್ನು ಪ್ರತ್ಯೇಕಿಸಿ ಇಡಲಾಯಿತು. ಮನೆಯಿಂದ ಹೊರಗೆ ಹೋಗಲು ಈ ಏರ್ಪಾಡಿನಲ್ಲಿ ತೊಂದರೆಯಿಲ್ಲ; ಹೊರಗಿನವರು ಮೊದಲಾಗಿ ಒಳಗೆ ಬರಲು ದಾರಿಯಿಲ್ಲ. ವಠಾರದ ಒಂದೇ ಹೆಬ್ಬಾಗಿಲಿಗೆ ‘ಸರ್ವರಿಗೆ’ ಎಂದಷ್ಟೇ ಬರೆದು ಕಾಗದ ಬಂದರೆ ಯಾರ ಮನೆಗೆ ಕೊಡಬೇಕು?

ನಿಮ್ಮ ರೂಟರಿನ ಪುಟದಲ್ಲಿ ಹೊರಬದಿಯ ವಿಳಾಸ ಎಂದು ತೋರಿಸುವ ಸಂಖ್ಯೆಯನ್ನು ಒಮ್ಮೆ ನೋಡಿ. ಅದು 100.64 ಮತ್ತು 100.127ರ ನಡುವೆ ಇದ್ದರೆ ನೀವು ವಠಾರದಲ್ಲಿದ್ದೀರಿ. ದಾರಿ ಹಂಚಿಕೆಯ ಗುಂಡಿಯನ್ನು ಎಷ್ಟು ಸಲ ಒತ್ತಿದರೂ ಇದು ಬದಲಾಗದು. ಈ ತಡೆ ಇರುವುದು ಸೇವಾದಾರರ ಬಳಿ. ನಿಮ್ಮ ಗಣಕದಲ್ಲಿ ಏನು ಮಾಡಿದರೂ ಅಲ್ಲಿಗೆ ಮುಟ್ಟುವುದಿಲ್ಲ. ಸಲಹೆ ಬರೆಯುವವರು ಪ್ರತಿ ಮನೆಗೂ ಸ್ವಂತ ಸಾರ್ವಜನಿಕ ವಿಳಾಸವಿದೆ ಎಂದು ತಿಳಿದು ಬರೆಯುತ್ತಾರೆ. ನಮ್ಮ ಕಡೆಯ ಓದುಗರಿಗೆ ಅದು ಬೇರೆ ಊರಿನ ನಕಾಶೆ.

ಸ್ವಂತ ವಿಳಾಸ ಇರುವವರಿಗೂ ಇನ್ನೊಂದು ಬಲೆ ಇದೆ. ವಿನಂತಿ ಸಾಮಾನ್ಯ ದಾರಿಯಲ್ಲಿ ಒಳಗೆ ಬಂದು ಉತ್ತರ ಸುರಂಗದ ದಾರಿಯಲ್ಲಿ ಹೊರಗೆ ಹೋದರೆ, ಕೇಳಿದವನ ಫೋನು ಆ ಉತ್ತರವನ್ನು ಒಪ್ಪುವುದಿಲ್ಲ. ಸೇಡಂಗೆ ಬರೆದ ಕಾಗದಕ್ಕೆ ಸಿಂಗಪುರದಿಂದ ಉತ್ತರ ಬಂದರೆ ನೀವಾದರೂ ನಂಬುವಿರಾ? ಸರ್ವರಿನ ದಾರಿ ಹಂಚಿಕೆ ಎಂದರೆ ಬಂದ ಬಾಗಿಲಿನಿಂದಲೇ ಉತ್ತರ ಹೋಗುವಂತೆ ಮಾಡುವುದು. ಕೆಲವು ತಂತ್ರಾಂಶಗಳು ಇದನ್ನು ಸರಿಯಾಗಿ ಮಾಡುತ್ತವೆ, ಕೆಲವು ಮಾಡುವುದಿಲ್ಲ.

ಐಪಿ ಆರನೆಯ ಆವೃತ್ತಿ ಇದ್ದಲ್ಲಿ ವಠಾರದ ತೊಂದರೆ ಇಲ್ಲ, ಪ್ರತಿ ಉಪಕರಣಕ್ಕೂ ತನ್ನದೇ ವಿಳಾಸ ಸಿಗುತ್ತದೆ. ಭಾರತ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಮೊಬೈಲ್ ಜಾಲಗಳಲ್ಲಿ ಇದರ ಬಳಕೆ ವ್ಯಾಪಕವಾಗಿದೆ. ಆದರೆ ನಾಲ್ಕನೆಯ ಆವೃತ್ತಿಯನ್ನು ಮಾತ್ರ ಸುರಂಗಕ್ಕೆ ಎಳೆದು ಆರನೆಯದನ್ನು ಹಾಗೇ ಹೊರಗೆ ಬಿಡುವ ವಿಪಿಎನ್ ಏರ್ಪಾಡುಗಳೂ ಇವೆ. ಕೇಳದೆಯೇ ಆದ ದಾರಿ ಹಂಚಿಕೆ ಅದು!

ನಿಖರತೆಯ ನಿಯಮ ತಿರುಗಿ ಬಿದ್ದಾಗ

ಹೆಚ್ಚು ನಿಖರವಾದ ಸಾಲು ಗೆಲ್ಲುತ್ತದೆ ಎಂದೆವಲ್ಲ, ಆ ಸಾಲನ್ನು ಬರೆಯುವವರು ಯಾರು ಎಂಬುದೂ ಮುಖ್ಯ. ಮಾತಿ ವಾನ್‌ಹೂಫ್ ಮತ್ತು ಸಂಗಡಿಗರು 2023ರಲ್ಲಿ ‘ಟನೆಲ್‌ಕ್ರ್ಯಾಕ್’ ಎಂಬ ದಾಳಿಗಳನ್ನು ಪ್ರಕಟಿಸಿದರು. ಅದರಲ್ಲಿ ಒಂದು, ಮೇಲೆ ಹೇಳಿದ ‘ಸ್ಥಳೀಯ ಜಾಲಕ್ಕೆ ಅನುಮತಿ’ಯನ್ನೇ ಬಳಸಿಕೊಳ್ಳುತ್ತದೆ. ವಂಚಕನ ವೈ-ಫೈ ಯಾವುದೋ ಸಾರ್ವಜನಿಕ ತಾಣದ ವಿಳಾಸಗಳನ್ನೇ ‘ಇದೇ ನಿಮ್ಮ ಸ್ಥಳೀಯ ಜಾಲ’ ಎಂದು ಹಂಚಿಬಿಟ್ಟರೆ, ಆ ತಾಣಕ್ಕೆ ಹೋಗುವ ದಟ್ಟಣೆ ಸುರಂಗದಿಂದ ಹೊರಬಂದು ಅವನ ಕೈಗೆ ಬೀಳುತ್ತದೆ. 2024ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ‘ಟನೆಲ್‌ವಿಷನ್’ ಇನ್ನೂ ಸರಳ. ವಿಳಾಸ ಹಂಚುವ ಡಿಎಚ್‌ಸಿಪಿ ವ್ಯವಸ್ಥೆಯಲ್ಲಿ 121 ಎಂಬ ಸಂಖ್ಯೆಯ ಒಂದು ಆಯ್ಕೆ 2002ರಿಂದ ಇದೆ. ಅದರ ಮೂಲಕ ಜಾಲ ನಿಮ್ಮ ದಾರಿಪಟ್ಟಿಗೆ ಸಾಲುಗಳನ್ನು ಸೇರಿಸಬಲ್ಲದು. ವಿಪಿಎನ್ ಬರೆದ ಸಾಲುಗಳಿಗಿಂತ ನಿಖರವಾದ ಸಾಲುಗಳನ್ನು ವಂಚಕ ಸೇರಿಸಿದರೆ ಸುರಂಗ ನಿಂತಲ್ಲೇ ನಿಂತಿರುತ್ತದೆ, ಪರದೆಯ ಮೇಲೆ ‘ಸಂಪರ್ಕಗೊಂಡಿದೆ’ ಎಂದು ಹಸಿರು ದೀಪವೂ ಉರಿಯುತ್ತಿರುತ್ತದೆ, ದಟ್ಟಣೆ ಮಾತ್ರ ಹೊರಗೆ ಹರಿಯುತ್ತದೆ. ಆಂಡ್ರಾಯ್ಡ್ ಈ 121ನ್ನು ಪಾಲಿಸುವುದೇ ಇಲ್ಲವಾದ್ದರಿಂದ ಪಾರಾಯಿತು.

ನಿಮ್ಮ ಮನೆಯ ರೂಟರ್ ನಿಮ್ಮದೇ ಆಗಿರುವ ತನಕ ಇದರಿಂದ ಹೆದರಬೇಕಾಗಿಲ್ಲ. ಮನೆಯ ಟಿವಿಗಾಗಿ ತೆರೆದಿಟ್ಟ ಅನುಮತಿಯನ್ನು ಮುಚ್ಚದೆ ಅದೇ ಲ್ಯಾಪ್‌ಟಾಪನ್ನು ಲಾಡ್ಜಿನ ವೈ-ಫೈಗೆ ಸೇರಿಸಿದಾಗ ಹೆದರಬೇಕು. ಸೌಲಭ್ಯವನ್ನು ಯಾವಾಗ ಆರಿಸಬೇಕೆಂದು ಹೇಳದ ಸಲಹೆ ಅರ್ಧ ಸಲಹೆ.

ಸುರಂಗ ಭದ್ರ, ಮನೆ ಭದ್ರವಲ್ಲ

ಇಷ್ಟಾದರೂ ದೊಡ್ಡ ಅಪಾಯ ದಾರಿಯಲ್ಲಿಲ್ಲ. ಲಾಸ್ಟ್‌ಪಾಸ್ ಎಂಬುದು ಜನರ ಪಾಸ್‌ವರ್ಡುಗಳನ್ನು ಕಾಪಾಡಿ ಇಡುವ ಕಂಪನಿ. 2022ರ ಆಗಸ್ಟಿನಿಂದ ಅಕ್ಟೋಬರಿನವರೆಗೆ ಅಲ್ಲಿ ನಡೆದ ಕಳವಿನ ವಿವರವನ್ನು ಅದು 2023ರಲ್ಲಿ ಪ್ರಕಟಿಸಿತು. ಕಂಪನಿಯ ಗುಪ್ತ ಕೀಲಿಗಳಿಗೆ ಪ್ರವೇಶವಿದ್ದವರು ನಾಲ್ವರೇ ಇಂಜಿನಿಯರುಗಳು. ಅವರಲ್ಲಿ ಒಬ್ಬರ ಮನೆಯ ಗಣಕದಲ್ಲಿದ್ದ ಮೀಡಿಯಾ ತಂತ್ರಾಂಶದ ದೋಷವನ್ನು ಬಳಸಿಕೊಂಡು ದಾಳಿಕೋರರು ಒಳನುಗ್ಗಿ, ಕೀಲಿಮಣೆಯಲ್ಲಿ ಒತ್ತಿದ್ದನ್ನೆಲ್ಲ ಬರೆದುಕೊಳ್ಳುವ ಕಳ್ಳ ತಂತ್ರಾಂಶವನ್ನು ಕೂರಿಸಿದರು. ಇಂಜಿನಿಯರು ಎರಡು ಹಂತದ ದೃಢೀಕರಣ ಮುಗಿಸಿ ಒಳಹೋದಾಗ ಮುಖ್ಯ ಪಾಸ್‌ವರ್ಡ್ ಅವರ ಕೈ ಸೇರಿತ್ತು. ಆ ಮೀಡಿಯಾ ತಂತ್ರಾಂಶ ಪ್ಲೆಕ್ಸ್. ಆ ದೋಷವನ್ನು ಪ್ಲೆಕ್ಸ್ 2020ರ ಮೇ ತಿಂಗಳಲ್ಲೇ ಸರಿಪಡಿಸಿತ್ತು. ಇಂಜಿನಿಯರು ಹೊಸ ಆವೃತ್ತಿ ಹಾಕಿಕೊಂಡಿರಲಿಲ್ಲ; ಸರಿಪಡಿಸಿದ ಆವೃತ್ತಿ ಬಂದ ಮೇಲೆ ಸುಮಾರು 75 ಆವೃತ್ತಿಗಳು ಹೊರಬಂದಿದ್ದವೆಂದು ಪ್ಲೆಕ್ಸ್ ಹೇಳಿತು.

ಇಲ್ಲಿ ಯಾವ ಗೂಢಲಿಪಿಯೂ ಮುರಿಯಲಿಲ್ಲ ಎಂಬುದನ್ನು ಗಮನಿಸಿ. ಅಕ್ಷರ ಸುರಂಗಕ್ಕೆ ಹೋಗುವ ಮೊದಲೇ, ಬೆರಳು ಕೀಲಿಯನ್ನು ಒತ್ತುವಲ್ಲೇ ಕಳವಾಯಿತು. ಪೂರ್ಣ ಸುರಂಗವಿದ್ದರೂ, ಹಂಚಿದ ಸುರಂಗವಿದ್ದರೂ ವ್ಯತ್ಯಾಸವಾಗುತ್ತಿರಲಿಲ್ಲ. ಸಿನಿಮಾ ನೋಡಲೆಂದು ಹಾಕಿಕೊಂಡ, ಎರಡು ವರ್ಷ ಯಾರೂ ಮುಟ್ಟಿ ನೋಡದ ಒಂದು ತಂತ್ರಾಂಶ, ಲಕ್ಷಾಂತರ ಅಪರಿಚಿತರ ಪಾಸ್‌ವರ್ಡ್ ಭಂಡಾರಕ್ಕೆ ಹಿಂಬಾಗಿಲಾಯಿತು. ಸೇಡಂನ ಮಗಳ ಲ್ಯಾಪ್‌ಟಾಪೂ ಮೂಲೆಯ ಹಳೆಯ ಗಣಕವೂ ಒಂದೇ ರೂಟರಿನ ಕೆಳಗಿವೆ. ದಾರಿ ಹಂಚಿಕೆಯ ಸಲಹೆಗಳಲ್ಲಿ ‘ಮೀಡಿಯಾ ಸರ್ವರಿನ ಆವೃತ್ತಿ ಯಾವುದು, ನೋಡಿ’ ಎಂಬ ಒಂದು ಸಾಲು ಸೇರಿಸಿದ್ದರೆ ಈ ಲೇಖನದ ಅರ್ಧ ಆಕ್ಷೇಪಣೆ ಇರುತ್ತಿರಲಿಲ್ಲ.

ಕಚೇರಿಗಳು ಈ ವಿಷಯದಲ್ಲಿ ಏಕಾಭಿಪ್ರಾಯದಿಂದಿಲ್ಲ. 2020ರ ಮಾರ್ಚಿನಲ್ಲಿ ಎಲ್ಲರೂ ಮನೆ ಸೇರಿ ವಿಪಿಎನ್‌ಗಳು ಉಸಿರುಗಟ್ಟಿದಾಗ ಮೈಕ್ರೋಸಾಫ್ಟ್ ಸಂಸ್ಥೆ ತನ್ನ ಆಫೀಸ್ 365 ದಟ್ಟಣೆಯನ್ನು ಸುರಂಗದಿಂದ ಹೊರಗಿಡಿ ಎಂದು ಕಂಪನಿಗಳಿಗೆ ಸಲಹೆ ನೀಡಿತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್, ಸರಕಾರಿ ಗುತ್ತಿಗೆದಾರರಿಗಾಗಿ 2015ರಲ್ಲಿ ಹೊರಡಿಸಿದ 800-171 ದಸ್ತಾವೇಜಿನಲ್ಲಿ ದಾರಿ ಹಂಚಿಕೆಯನ್ನು ತಡೆಯಬೇಕೆಂದು ಹೇಳಿತ್ತು. ಎರಡೂ ತಮ್ಮ ತಮ್ಮ ಸಂದರ್ಭಕ್ಕೆ ಸರಿಯೇ. ಹೊರಗೆ ಬಿಡುವ ವಿಳಾಸಗಳ ಪಟ್ಟಿ ಚಿಕ್ಕದಾಗಿದ್ದು ಕಚೇರಿಯೇ ಅದನ್ನು ಬರೆದಿದ್ದರೆ ಅದು ಯೋಜನೆ. ನೌಕರರು ತಾವೇ ಗುಂಡಿ ಒತ್ತಿಕೊಂಡರೆ ಅದು ಕಚೇರಿಯ ಬೇಲಿಯಲ್ಲಿ ಮಾಡಿದ ಕಂಡಿ. ಮಗಳು ಕಚೇರಿಯ ಲ್ಯಾಪ್‌ಟಾಪಿನಲ್ಲಿ ಮನೆಯ ಸಿನಿಮಾ ನೋಡದೆ ಟಿವಿಯಲ್ಲೇ ನೋಡಿದರೆ ಈ ತಕರಾರು ಏಳುವುದೇ ಇಲ್ಲ.

ಹಾಗಾದರೆ ಮಾಡಬೇಕಾದ್ದು

ಮೂರನೆಯ ಬಗೆಯ ವಿಪಿಎನ್, ಅಂದರೆ ಮನೆಯವರೇ ಮನೆಗಾಗಿ ಕಟ್ಟಿಕೊಳ್ಳುವುದು, ಈ ಮೂರರಲ್ಲಿ ಮೆಚ್ಚತಕ್ಕದ್ದು. ವೈರ್‌ಗಾರ್ಡ್ ಎಂಬ ತಂತ್ರಾಂಶ 2020ರ ಮಾರ್ಚಿನಲ್ಲಿ ಲಿನಕ್ಸ್ 5.6ರ ತಿರುಳಿನೊಳಗೇ ಸೇರಿತು. ಅದರಲ್ಲಿ ದಾರಿ ಹಂಚಿಕೆಗೆ ಪ್ರತ್ಯೇಕ ಗುಂಡಿಯಿಲ್ಲ. ‘ಅಲೋಡ್ ಐಪಿಸ್’ ಎಂಬ ಒಂದು ಸಾಲಿನಲ್ಲಿ ಯಾವ ವಿಳಾಸಗಳು ಸುರಂಗದೊಳಗೆ ಹೋಗಬೇಕೆಂದು ಬರೆಯುತ್ತೀರಿ. ಮಗಳ ಫೋನಿನಲ್ಲಿ ಆ ಸಾಲಿನಲ್ಲಿ ಮನೆಯ 256 ವಿಳಾಸಗಳನ್ನಷ್ಟೇ ಬರೆದರೆ ಸರ್ವರಿನ ಮಾತು ಮಾತ್ರ ಸುರಂಗದಲ್ಲಿ, ಉಳಿದದ್ದೆಲ್ಲ ಎಂದಿನ ದಾರಿಯಲ್ಲಿ. ಜಾಹೀರಾತಿನ ಸಲಹೆಗೆ ಇದು ತೀರ ತಿರುಗುಮುರುಗು: ಅವರು ಸರ್ವರನ್ನು ಸುರಂಗದ ಹೊರಗಿಡಿ ಎನ್ನುತ್ತಾರೆ, ಇಲ್ಲಿ ಸರ್ವರ್ ಒಂದೇ ಸುರಂಗದೊಳಗಿದೆ. ಕಾಪಾಡಬೇಕಾದ್ದು ಅದೇ ಅಲ್ಲವೇ?

ವಠಾರದ ವಿಳಾಸವಿರುವ ಮನೆಗೆ ವೈರ್‌ಗಾರ್ಡ್ ಒಂದೇ ಸಾಲದು. ಐಪಿ ಆರನೆಯ ಆವೃತ್ತಿಯ ವಿಳಾಸ ಬೇಕು, ಅಥವಾ ಹೊರಗೆ ಒಂದು ಚಿಕ್ಕ ಬಾಡಿಗೆ ಸರ್ವರ್ ಬೇಕು, ಅಥವಾ ಟೇಲ್‌ಸ್ಕೇಲ್‌ನಂಥ ಸೇವೆ ಬೇಕು. ಟೇಲ್‌ಸ್ಕೇಲ್ ಎರಡೂ ತುದಿಗಳಿಂದ ಒಳಗಿಂದ ಹೊರಕ್ಕೆ ಕೈ ಚಾಚಿಸಿ ನಡುವೆ ಕೂಡಿಸುತ್ತದೆ. ಸಾಧ್ಯವಾಗದಿದ್ದರೆ ತನ್ನ ಮಧ್ಯವರ್ತಿ ಸರ್ವರಿನ ಮೂಲಕ ಸಾಗಿಸುತ್ತದೆ. ಚಂದ್ರಂಪಳ್ಳಿಯಲ್ಲಿ ನಿಂತ ಫೋನಿನಂತೆ ಎರಡೂ ಕಡೆ ವಠಾರವಿದ್ದಾಗ ಇದೇ ಹೆಚ್ಚು ಅನುಕೂಲ. ಬದಲಿಗೆ ನಡುವೆ ಇನ್ನೊಂದು ಕಂಪನಿಯನ್ನು ನಂಬಬೇಕು. ಬಿಟ್ಟಿ ಊಟವಲ್ಲ.

ಪ್ಲೆಕ್ಸ್ 2025ರ ಏಪ್ರಿಲ್ ಕೊನೆಯಿಂದ ಮನೆಯ ಹೊರಗಿನ ವೀಕ್ಷಣೆಗೆ ಹಣ ಕೇಳತೊಡಗಿದ ಮೇಲೆ ಜೆಲ್ಲಿಫಿನ್ ಕಡೆಗೆ ಹೊರಳಿದವರಿದ್ದಾರೆ. ಜೆಲ್ಲಿಫಿನ್ ಮುಕ್ತ ತಂತ್ರಾಂಶ; ಎಂಬಿ ಎಂಬ ತಂತ್ರಾಂಶ ತನ್ನ ಮೂಲಸಂಕೇತವನ್ನು ಮುಚ್ಚಿಕೊಂಡಾಗ, 2018ರ ಕೊನೆಯಲ್ಲಿ, ಅದರಿಂದ ಕವಲೊಡೆದದ್ದು. ಹೊರಳುವವರು ಅವಸರದಲ್ಲಿ ರೂಟರಿನಲ್ಲಿ 8096ನೆಯ ಪೋರ್ಟನ್ನು ಜಗತ್ತಿಗೆ ತೆರೆದಿಡುವುದುಂಟು. ಪ್ಲೆಕ್ಸಿನವರಾದರೆ 32400. ದಾರಿ ಹಂಚಿಕೆ ಕೈಕೊಟ್ಟಾಗ ಸಿಗುವ ‘ಸುಲಭ’ ಪರಿಹಾರವೂ ಇದೇ. ಹೀಗೆ ತೆರೆದ ಪೋರ್ಟನ್ನು ಅಂತರಜಾಲವನ್ನು ಸದಾ ಜಾಲಾಡುವ ಯಂತ್ರಗಳು ಹುಡುಕಿಕೊಳ್ಳಲು ಹೆಚ್ಚು ಹೊತ್ತು ಬೇಕಾಗದು.

ನಿಮ್ಮ ಮನೆಯಲ್ಲಿ ಹಾಗೆ ಏನಾದರೂ ತೆರೆದಿದೆಯೇ ಎಂದು ನೋಡಿಕೊಳ್ಳಲು ಒಂದು ಸುಲಭ ಪರೀಕ್ಷೆ ಇದೆ. ರೂಟರಿನ ಹೊರಬದಿಯ ವಿಳಾಸವನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಫೋನಿನ ವೈ-ಫೈಯನ್ನೂ ಎಲ್ಲ ವಿಪಿಎನ್‌ಗಳನ್ನೂ ಆರಿಸಿ, ಮೊಬೈಲ್ ಡೇಟಾ ಮಾತ್ರ ಉಳಿಸಿಕೊಳ್ಳಿ. ಬ್ರೌಸರಿನಲ್ಲಿ ಆ ವಿಳಾಸ, ಒಂದು ವಿಸರ್ಗಚುಕ್ಕೆ, 8096 ಎಂದು ಟೈಪ್ ಮಾಡಿ. ಬಳಿಕ 32400 ಹಾಕಿ ನೋಡಿ. ಯಾವ ಪುಟವೂ ತೆರೆಯಬಾರದು. ಈಗ ಮನೆಯ ವಿಪಿಎನ್ನನ್ನು ಮಾತ್ರ ಚಾಲೂ ಮಾಡಿ ಸರ್ವರಿನ ಒಳವಿಳಾಸವನ್ನು ಹಾಕಿ. ಈಗ ತೆರೆಯಬೇಕು.